ಬುಧವಾರದ ಸೋರಿಕೆ

ತಟ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ತಟ್.

ಅಂಗಳದಲ್ಲಿ ನಿಂತಿದ್ದ ಹಳೆಯ ಡೀಸೆಲ್ ಕಾರಿನ ಮೂತಿಯ ಕೆಳಗೆ ಒಂದು ತಗಡಿನ ಬೋಗುಣಿ ಇತ್ತು. ಅದರೊಳಕ್ಕೆ ಬೀಳುವ ಹನಿಯ ಸದ್ದು ಅಡುಗೆಮನೆಯ ಕಿಟಕಿಯವರೆಗೂ ಕೇಳುತ್ತಿತ್ತು. ಕಿಟಕಿಯ ಒಳಗೆ ಅರ್ಮಾಸ್ ಕಪ್ಪು ರೊಟ್ಟಿಗೆ ಬೆಣ್ಣೆ ಸವರುತ್ತ, ನಾಡಿ ಹಿಡಿದ ವೈದ್ಯನ ಹಾಗೆ ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದ. ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ರೊಟ್ಟಿಯ ಮೈಗೆಲ್ಲ ಬೆಣ್ಣೆ ಹತ್ತಬೇಕು. ಅದಕ್ಕೆ ಮೊದಲೇ ಹನಿ ಬಿದ್ದರೆ ಸೋರಿಕೆ ಜಾಸ್ತಿಯಾಗಿದೆ, ಗಾಡಿ ಹೊಳೆಯ ಸೇತುವೆಯನ್ನೂ ದಾಟುವುದಿಲ್ಲ. ತಡವಾಗಿ ಬಿದ್ದರೆ ಸೋರಿಕೆ ಸಾಲದು, ಇಂಜಿನ್ ಕಾಯುವುದರೊಳಗೆ ಗಾಡಿ ಅಂಗಡಿಯನ್ನೇ ಮುಟ್ಟಿಬಿಡುತ್ತದೆ. ಇವತ್ತು ಬೆಣ್ಣೆಯೂ ಹನಿಯೂ ಜೊತೆಜೊತೆಗೇ ಮುಗಿದವು. ಅರ್ಮಾಸ್ ಸಮಾಧಾನದಿಂದ ರೊಟ್ಟಿ ಕಚ್ಚಿದ.

ಅವತ್ತು ಬುಧವಾರ, ಅಂಗಡಿಗೆ ಹೋಗುವ ದಿನ.

ಊರವರೆಲ್ಲ ತಮ್ಮ ಗಾಡಿಯ ರೇಡಿಯೇಟರ್ ಸೋರದ ಹಾಗೆ ನೋಡಿಕೊಳ್ಳುತ್ತಾರೆ. ಅರ್ಮಾಸ್ ತನ್ನದು ಹದವಾಗಿ ಸೋರುವ ಹಾಗೆ ನೋಡಿಕೊಳ್ಳುತ್ತಿದ್ದ. ಇದನ್ನು ಹುಚ್ಚು ಎನ್ನುವವರು ಕೊಯಿವುಲ ಎಂಬ ಈ ಊರಿನಲ್ಲಿ ಒಂದು ಚಳಿಗಾಲ ಕಳೆದು ನೋಡಬೇಕು.

ಕೊಯಿವುಲದಲ್ಲಿ ಯಾರ ಮನೆಗೆ ಹೋಗಬೇಕಾದರೂ ಒಂದು ಕೆಲಸ ಇರಬೇಕು. ಏಣಿ ಕೇಳಬಹುದು. ಒಯ್ದ ಏಣಿಯನ್ನು ಹಿಂದಕ್ಕೆ ಕೊಡಬಹುದು. ಕರು ಬೇಲಿ ಹಾರಿದೆ ಎಂದು ಹೇಳಬಹುದು. ಬಂದ ಕೆಲಸ ಹೇಳಿ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ಮಳೆ ಬಿಸಿಲಿನ ಬಗ್ಗೆ ನಾಲ್ಕು ಮಾತಾಡಿ, ಮೇಜಿಗೆ ಬನ್ನಿ ಎಂದು ಎರಡು ಸಲ ಕರೆಸಿಕೊಂಡು, ಆಮೇಲೆ ಕಾಫಿ. ಯಾವ ಕೆಲಸವೂ ಇಲ್ಲದೆ ಯಾರಾದರೂ ಸುಮ್ಮನೆ ಬಂದೆ ಎಂದು ಹೊಸ್ತಿಲ ಮೇಲೆ ನಿಂತರೆ, ಸಾವಿನ ಸುದ್ದಿಯೇ ಇರಬೇಕೆಂದು ಮನೆಯವರು ಕುರ್ಚಿ ಹಿಡಿದುಕೊಳ್ಳುತ್ತಾರೆ. ಬೇಸಿಗೆ ಕಳೆಯಲು ಹೆಲ್ಸಿಂಕಿಯಿಂದ ಬರುವ ಜನ ಮಾತ್ರ ಕಂಡಕಂಡ ಬಾಗಿಲು ತಟ್ಟುತ್ತಾರೆ. ಪಾಪ, ಅವರಿಗೆ ಹೇಳಿಕೊಟ್ಟವರಿಲ್ಲ.

ಅರ್ಮಾಸ್‌ಗೆ ಮೂವತ್ತು ವರ್ಷ ಈ ತೊಂದರೆ ಇರಲಿಲ್ಲ. ಅವನು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ, ಕೊಳವೆ ಜೋಡಿಸಿ, ಪಂಪು ಹಾಲು ಹೀರುವಷ್ಟು ಹೊತ್ತು ಅಡುಗೆಮನೆಯಲ್ಲಿ ಕೂರುವುದು. ಹಾಲಿಗಿಂತ ದೊಡ್ಡ ಕೆಲಸ ಬೇರೆ ಯಾವುದಿದೆ? ಯಾರ ಮನೆಯ ಗೋಡೆಗೆ ಯಾವ ಹೂವಿನ ಕಾಗದ ಅಂಟಿಸಿದ್ದಾರೆ, ಯಾರ ಮನೆಯ ಬೆಕ್ಕು ಯಾವ ಕುರ್ಚಿಯನ್ನು ಬಿಟ್ಟುಕೊಡುವುದಿಲ್ಲ, ಎಲ್ಲ ಅವನಿಗೆ ಗೊತ್ತಿತ್ತು. ಮದುವೆಯಾಗುವ ಯೋಚನೆ ಒಂದೆರಡು ಸಲ ಬಂದದ್ದುಂಟು. ಆದರೆ ದಿನವೂ ಅಷ್ಟೊಂದು ಅಡುಗೆಮನೆಗಳಲ್ಲಿ ಕಾಫಿ ಕುಡಿಯುವವನಿಗೆ ತನ್ನ ಅಡುಗೆಮನೆ ಖಾಲಿ ಇರುವುದು ಕಣ್ಣಿಗೆ ಬೀಳಲೇ ಇಲ್ಲ. ಆಮೇಲೆ ಊರಿನಲ್ಲಿ ಹಸುಗಳು ಕಡಿಮೆಯಾದವು. ಅವನಿಗೆ ನಿವೃತ್ತಿಯಾಯಿತು. ಟ್ಯಾಂಕರಿನ ಕೀಲಿ ಕೊಟ್ಟು ಬಂದ ಮರುದಿನ ಬೆಳಿಗ್ಗೆ ಕಾಫಿ ಕಾಸಿ, ಅಭ್ಯಾಸದಂತೆ ತನ್ನದೇ ಮನೆಯ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತ. ಮೇಜಿಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಕಾಫಿ ಆರಿಹೋಯಿತು.

ರೇಡಿಯೇಟರ್ ಸೋರತೊಡಗಿದ್ದು ಅದರ ನಂತರದ ಬೇಸಿಗೆಯಲ್ಲಿ. ಅಂಗಡಿಗೆ ಹೊರಟು ದಿಬ್ಬದ ಬುಡಕ್ಕೆ ಬರುವಷ್ಟರಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಏರಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಪಕ್ಕದಲ್ಲೇ ಒಂದು ಹಳದಿ ಮನೆ. ಅಲ್ಲಿ ತೂಲಿಕ್ಕಿ ಇದ್ದಳು. ಊರಿನ ಶಾಲೆ ಮುಚ್ಚುವವರೆಗೂ ಅಲ್ಲಿ ಅಡುಗೆ ಮಾಡುತ್ತಿದ್ದವಳು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಹಸು ಸಾಕಿದವಳಲ್ಲವಾದ್ದರಿಂದ ಇಡೀ ರಸ್ತೆಯಲ್ಲಿ ಅರ್ಮಾಸ್ ಹೊಕ್ಕು ನೋಡದೆ ಉಳಿದಿದ್ದ ಅಡುಗೆಮನೆ ಅದೊಂದೇ. ಅವನು ಟೋಪಿ ತೆಗೆದು ನೀರು ಕೇಳಿದ.

“ಗಾಡಿಗಾ, ನಿಮಗಾ?” ಎಂದಳು ತೂಲಿಕ್ಕಿ.

“ಗಾಡಿಗೆ.”

“ತುಂಬಾ ಕಾದಿದೆಯಾ?”

“ಕೆಂಪಿಗೆ ಹತ್ರ.”

“ಹಾಗಾದ್ರೆ ಈಗ್ಲೇ ಮುಚ್ಚಳ ತೆಗೀಬೇಡಿ. ನನ್ನ ತಮ್ಮ ಹಾಗೇ ತೆಗೆಯೋಕೆ ಹೋಗಿ ಹುಬ್ಬು ಸುಟ್ಕೊಂಡ.”

“ಗೊತ್ತು. ಆರ್ಬೇಕು.”

“ಆರೋವರೆಗೂ ಅಲ್ಲೇ ನಿಂತಿರ್ತೀರಾ? ಸೊಳ್ಳೆ ತಿಂದುಹಾಕ್ತವೆ. ಒಳಗ್ ಬನ್ನಿ, ಕಾಫಿ ಇದೆ.”

“ಛೆ, ನನಗೋಸ್ಕರ ಯಾಕೆ ತೊಂದ್ರೆ.”

“ನಿಮಗೋಸ್ಕರ ಅಲ್ಲ. ಹೇಗೂ ಕಾಸಿದ್ದೆ.”

ಕಾದ ಇಂಜಿನ್ ಆರಲು ಎರಡು ಲೋಟ ಕಾಫಿ, ಒಂದು ಏಲಕ್ಕಿ ಬನ್ನು ಬೇಕು ಎಂಬುದು ಅವನಿಗೆ ಅವತ್ತು ಗೊತ್ತಾಯಿತು. ಗೋಡೆಯ ಮೇಲೆ ಶಾಲೆಯ ಮಕ್ಕಳಿಗೆಲ್ಲ ಸೂಪು ಬಡಿಸಿದ ಉದ್ದ ಸೌಟು ತೂಗುತ್ತಿತ್ತು. ಕಿಟಕಿಯ ಆಚೆ ಬರ್ಚ್ ಮರದ ಎಲೆಗಳು ಅಲುಗಿದಾಗ ಮೇಜುಬಟ್ಟೆಯ ಮೇಲೆ ಬೆಳಕೂ ಅಲುಗುತ್ತಿತ್ತು. ಅರ್ಮಾಸ್ ಲೋಟ ಇಡುವ ಮೊದಲು ಆ ಬೆಳಕು ಪಕ್ಕಕ್ಕೆ ಸರಿಯಲಿ ಎಂದು ಕಾದ. ತೂಲಿಕ್ಕಿ ಅದನ್ನು ನೋಡಿದಳು.

ಮನೆಗೆ ಬಂದು ರೇಡಿಯೇಟರ್ ಬಿಚ್ಚಿದ. ಹಿತ್ತಾಳೆಯದು, ಹಳೆಯ ಕಾಲದ್ದು. ಕೆಳಗಿನ ತೊಟ್ಟಿಯ ಅಂಚಿನಲ್ಲಿ ಬೆಸುಗೆ ಒಂದು ಉಗುರಿನಷ್ಟು ಬಿಟ್ಟುಕೊಂಡಿತ್ತು. ಬೆಸೆದರೆ ಮುಗಿಯಿತು. ಅವನು ಬೆಸುಗೆಯ ಸಾಮಾನೆಲ್ಲ ತಂದು ಸೌನಾ ಎಂಬ ಹಬೆಸ್ನಾನದ ಕೋಣೆಯ ಜಗಲಿಯ ಮೇಲೆ ಹರಡಿಕೊಂಡ, ಬೆಸುಗೆ ಕಡ್ಡಿ ಕಾಯಿಸಿದ. ಕಾದ ಕಡ್ಡಿ ಹಿಡಿದು ಆ ಬಿರುಕನ್ನೇ ನೋಡುತ್ತ ಕೂತ. ಕಡ್ಡಿ ಆರಿತು. ಬಿರುಕಿನ ಅರ್ಧಕ್ಕೆ ಮಾತ್ರ ಬೆಸುಗೆ ಹಾಕಿ ರೇಡಿಯೇಟರನ್ನು ಹಾಗೇ ಜೋಡಿಸಿಬಿಟ್ಟ. ಮಿಕ್ಕದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ತನಗೆ ತಾನೇ ಹೇಳಿಕೊಂಡ.

ಆಮೇಲೆ ಎನ್ನುವುದು ಬರಲೇ ಇಲ್ಲ. ಬುಧವಾರಗಳು ಮಾತ್ರ ಬಂದವು.

ವರ್ಷಗಳು ಕಳೆದಂತೆ ಇದೊಂದು ವಿದ್ಯೆಯೇ ಆಯಿತು. ಬಿರುಕು ತಾನಾಗಿ ದೊಡ್ಡದಾದರೆ ತುಸು ಬೆಸೆಯುವನು. ಬೆಸುಗೆ ಹೆಚ್ಚಾಗಿ, ಸೋರುವುದೇ ನಿಂತರೆ ಸಣ್ಣ ಮೊಳೆಯಿಂದ ಮೆಲ್ಲಗೆ ಕೆರೆಯುವನು. ಮೋಡ ಕವಿದು ತಂಪಾಗಿದ್ದ ದಿನ ಮುಳ್ಳು ಏರಲು ಸೋಮಾರಿತನ ಮಾಡುತ್ತಿತ್ತು. ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿಯೆಲ್ಲ ಗಾಡಿಯೊಳಗೆ ಬಂದು ವ್ಯರ್ಥವಾದೀತೆಂದು, ಹಲ್ಲು ಕಟಕಟ ಕುಟ್ಟಿಕೊಂಡರೂ ಅದನ್ನು ಮುಟ್ಟದೆ, ಎರಡನೇ ಗೇರಿನಲ್ಲೇ ಕೆರೆಯ ಸುತ್ತ ಒಂದು ಸುತ್ತು ಜಾಸ್ತಿ ಹೊಡೆದು ಬರುವನು. ಹಿಂದೆ ಸಿಕ್ಕಿಕೊಂಡವರು ಹಾರನ್ ಬಾರಿಸಿದರೆ ಟೋಪಿ ಎತ್ತಿ ನಮಸ್ಕರಿಸುವನು. ಅಷ್ಟೆಲ್ಲ ಕಷ್ಟಪಟ್ಟ ಮೇಲೆ ಹಳದಿ ಮನೆಯ ಗೇಟಿನ ಮುಂದೆ ಸರಿಯಾಗಿ ಹಬೆ ಎದ್ದರೆ, ಅವನ ಮುಖದಲ್ಲಿ ಆಶ್ಚರ್ಯ ಮಾತ್ರ ಇರುತ್ತಿತ್ತು.

“ಮತ್ತೆ ಬಂತಾ?” ಎನ್ನುವಳು ತೂಲಿಕ್ಕಿ, ಮೆಟ್ಟಿಲ ಮೇಲೆ ನಿಂತು.

“ನೋಡಿ, ಮತ್ತೆ.”

“ಹೇಗಿದೆ ಅದಕ್ಕೆ? ಹೋದ ವಾರಕ್ಕಿಂತ ವಾಸಿನಾ?”

“ಹೋದ ವಾರದ ಹಾಗೇ ಇದೆ. ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ.”

“ವಯಸ್ಸಾಯ್ತಲ್ಲ ಅದಕ್ಕೂ.”

“ವಯಸ್ಸಾಯ್ತು.”

“ಅರೆ, ಒಳಗ್ ಬನ್ನಿ. ಇವತ್ತು ಯಾಕೋ ಬನ್ನು ಜಾಸ್ತಿ ಮಾಡ್ಬಿಟ್ಟಿದೀನಿ.”

ಪ್ರತಿ ಬುಧವಾರವೂ ಯಾಕೋ ಬನ್ನು ಜಾಸ್ತಿಯಾಗಿರುತ್ತಿತ್ತು. ಅವಳೊಮ್ಮೆಯೂ ರಿಪೇರಿ ಯಾಕೆ ಮಾಡಿಸುವುದಿಲ್ಲ ಎಂದು ಕೇಳಲಿಲ್ಲ. ಅವನೂ ಹೇಳಲಿಲ್ಲ. ರೇಡಿಯೇಟರಿನ ಆರೋಗ್ಯ, ಕೆರೆಯ ನೀರಿನ ಮಟ್ಟ, ಈ ವರ್ಷದ ಆಲೂಗಡ್ಡೆ, ಮತ್ತೆ ರೇಡಿಯೇಟರಿನ ಆರೋಗ್ಯ. ನಡುನಡುವೆ ಇಬ್ಬರೂ ಸುಮ್ಮನಿರುವರು. ಆ ಸುಮ್ಮನಿರುವಿಕೆ ಅರ್ಮಾಸ್‌ಗೆ ಬನ್ನಿಗಿಂತ ಇಷ್ಟವಾಗಿತ್ತು.

ಚಳಿಗಾಲ ಮಾತ್ರ ಕಷ್ಟ. ಬರಿ ನೀರು ತುಂಬಿದರೆ ಹೆಪ್ಪುಗಟ್ಟಿ ರೇಡಿಯೇಟರ್ ಸೀಳಿಹೋಗುತ್ತದೆ. ಆದ್ದರಿಂದ ಹುಲ್ಲಿನ ಮೇಲೆ ಹಿಮದ ಮೊದಲ ಬಿಳಿ ಕಂಡ ಬೆಳಿಗ್ಗೆ ಅವನು ನೀರನ್ನೆಲ್ಲ ಬಸಿದು, ಸೋರಿಕೆ ಮುಚ್ಚುವ ಪುಡಿ ಸುರಿದು, ಹೆಪ್ಪುಗಟ್ಟದ ಹಸಿರು ದ್ರವ ತುಂಬುತ್ತಿದ್ದ. ಗಾಡಿಯ ವಾರ್ಷಿಕ ತಪಾಸಣೆ ಬರುತ್ತಿದ್ದುದೂ ಆಗಲೇ. ತಪಾಸಣೆಯವರು ಬಗ್ಗಿ ನೋಡಿ, ಇಷ್ಟು ಹಳೆಯ ಗಾಡಿ ಒಂದು ಹನಿಯೂ ಸೋರುವುದಿಲ್ಲವಲ್ಲ ಎಂದು ಮೆಚ್ಚಿ ಕಳಿಸುವರು. ಒಂದು ಹನಿಯೂ ಸೋರದ ಆ ಗಾಡಿಯಲ್ಲಿ ಅವನು ತಿಂಗಳುಗಟ್ಟಲೆ ಹಳದಿ ಮನೆಯ ಮುಂದೆ ನಿಲ್ಲದೆ ಹೋಗುತ್ತಿದ್ದ. ಗಾಳಿಯಿಲ್ಲದ ಆಕಾಶಕ್ಕೆ ಅವಳ ಮನೆಯ ಹೊಗೆ ನೇರ ಏರುತ್ತಿತ್ತು. ಹೊಗೆ ಇದೆ, ಚೆನ್ನಾಗಿದ್ದಾಳೆ ಎಂದು ಅಷ್ಟನ್ನೇ ತೆಗೆದುಕೊಂಡು ಅವನು ಮನೆ ಸೇರುತ್ತಿದ್ದ. ಕೆರೆಯ ಮೇಲಿನ ಮಂಜುಗಡ್ಡೆ ಒಡೆದ ಮರುದಿನವೇ ಪುಡಿಯನ್ನೆಲ್ಲ ತೊಳೆದು ತೆಗೆಯುವನು. ತಟ್ ಎಂದರೆ ವಸಂತ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಅರ್ಮಾಸನ ತಂಗಿ ಸೈಮಿಯ ಗಂಡ ಕೌಕೊ ಒಬ್ಬ ಮೆಕ್ಯಾನಿಕ್. ಅಂಗಡಿಯ ಹತ್ತಿರದ ಕೂಡುರಸ್ತೆಯಲ್ಲಿ ಬಹಳ ಕಾಲ ಗ್ಯಾರೇಜು ನಡೆಸಿದವನು. ಗ್ಯಾರೇಜು ಮುಚ್ಚಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಶನಿವಾರ ಭಾವ ಮೈದುನರಿಬ್ಬರೂ ಸೌನಾದಲ್ಲಿ ಬೆವರುತ್ತ ಕೂತಿದ್ದಾಗ ಕೌಕೊ ಶುರುಮಾಡಿದ.

“ಭಾವ, ಊರಲ್ಲಿ ನಾನು ತಲೆ ಎತ್ಕೊಂಡು ಓಡಾಡೋ ಹಾಗಿಲ್ಲ. ಗ್ಯಾರೇಜಿನವನ ಭಾವ ಮನೆಮನೆಗೂ ನೀರು ಬೇಡ್ಕೊಂಡು ತಿರುಗ್ತಾನೆ ಅಂತಾರೆ.”

“ಮನೆಮನೆಗಲ್ಲ. ಒಂದೇ ಮನೆಗೆ.”

“ಅದು ಇನ್ನೂ ನಾಚಿಕೆಗೇಡು. ಒಂಟಿ ಹೆಂಗಸು ಸಿಕ್ಕಿದ್ಲು ಅಂತ ಅವಳೊಬ್ಬಳನ್ನೇ ಗೋಳು ಹೊಯ್ಕೋತಿದೀಯಲ್ಲ!”

“ಅವರ ಬಾವಿ ನೀರಲ್ಲಿ ಕಬ್ಬಿಣ ಇಲ್ಲ ಕೌಕೊ. ರೇಡಿಯೇಟರಿಗೆ ಒಳ್ಳೇದು.”

“ನಿನ್ನ ರೇಡಿಯೇಟರಿಗೆ ಒಳ್ಳೇದು ಯಾವ್ದು ಗೊತ್ತಾ? ಗುಜರಿ!” ಎಂದು ಕೌಕೊ ಕಾದ ಕಲ್ಲುಗಳ ಮೇಲೆ ಒಂದು ಸೌಟು ನೀರು ಎರಚಿದ. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಅರ್ಮಾಸ್ ಕಣ್ಣು ಮುಚ್ಚಿದ. ಆದರೆ ಗ್ಯಾರೇಜಿನವನ ಮಾತಿನಲ್ಲಿ ಒಂದು ಶಬ್ದ ಒಳಗೆ ಉಳಿದುಬಿಟ್ಟಿತು. ಗೋಳು. ಅವಳಿಗೆ ಇದೆಲ್ಲ ಗೋಳಾಗಿರಬಹುದೇ? ಅಷ್ಟು ವರ್ಷದಲ್ಲಿ ಅವನಿಗೆ ಇದು ಹೊಳೆದಿರಲಿಲ್ಲ. ಮನೆ ಬಾಗಿಲಿಗೆ ಬಂದವನಿಗೆ ಇಲ್ಲವೆನ್ನಲಾಗದೆ ಕಾಫಿ ಕೊಡುವವರು ಈ ಊರಿನಲ್ಲಿ ಎಲ್ಲರೂ.

ಜೂನ್ ತಿಂಗಳಲ್ಲಿ ಅರ್ಮಾಸ್‌ಗೆ ಎಪ್ಪತ್ತು ತುಂಬುವುದಿತ್ತು. ಎಪ್ಪತ್ತು ತುಂಬಿದವನ ಮನೆಗೆ ಕರೆಯದೆಯೇ ಊರಿಗೆ ಊರೇ ಕಾಫಿಗೆ ಬರುತ್ತದೆ. ಹುಟ್ಟುಹಬ್ಬವೂ ಒಂದು ಕೆಲಸವೇ. ಬೇಡವೆನ್ನುವವರು ಆ ದಿನ ಪ್ರವಾಸದಲ್ಲಿರುತ್ತೇನೆ ಎಂದು ಪತ್ರಿಕೆಯಲ್ಲಿ ಹಾಕಿಸಿ, ಪರದೆ ಎಳೆದು ಮನೆಯೊಳಗೇ ಕೂರುವುದೂ ಉಂಟು. ಅರ್ಮಾಸ್ ಹಾಗೆ ಹಾಕಿಸಲಿಲ್ಲ. ತೂಲಿಕ್ಕಿಯೂ ಬರಬಹುದಲ್ಲ.

ಹಿಂದಿನ ದಿನ ಸೈಮಿ ತನ್ನ ಕಾರು ತಂದು, ಕೋಟು ಕೊಳ್ಳಬೇಕೆಂದು ಅವನನ್ನು ಪಟ್ಟಣಕ್ಕೆ ಎಳೆದುಕೊಂಡು ಹೋದಳು.

“ಹಳೇ ಕೋಟಿದೆಯಲ್ಲೇ.”

“ಅದರಲ್ಲಿ ಹಾಲಿನ ವಾಸನೆ ಅಣ್ಣ.”

“ಹಾಲಿನ ವಾಸನೆಗೇನಾಗಿದೆ?”

“ಹುಳಿ ಹಾಲಿಂದು. ಸುಮ್ನೆ ಬಾ.”

ಮೊದಲ ಅಂಗಡಿಯ ಕೋಟೇ ಹೇಳಿ ಹೊಲಿಸಿದಂತೆ ಕೂತಿತು. ಆದರೂ ಸೈಮಿ ಬಿಡಲಿಲ್ಲ. ತೋಳು ಉದ್ದ, ಬಣ್ಣ ಮಂಕು, ಗುಂಡಿ ದೊಡ್ಡದು ಎನ್ನುತ್ತ ಅಂಗಡಿಯಿಂದ ಅಂಗಡಿಗೆ ಅಲೆಸಿದಳು, ಕೊನೆಗೆ ಮೊದಲ ಅಂಗಡಿಗೇ ಬಂದು ಆ ಕೋಟನ್ನೇ ಕೊಂಡಳು. ನಡುವೆ ಮೂರು ಸಲ ಆಚೆ ಹೋಗಿ ಫೋನಿನಲ್ಲಿ, ಆಯ್ತಾ, ಇನ್ನೂ ಎಷ್ಟೊತ್ತು ಎಂದು ಕೇಳಿದಳು. ಕೇಕಿನ ವಿಷಯವಿರಬೇಕೆಂದು ಅರ್ಮಾಸ್ ಅಂದುಕೊಂಡ.

ಮರುದಿನ ಅಂಗಳ ತುಂಬಿತು. ಹೊಸ ಕೋಟಿನಲ್ಲಿ ಕೈ ಎಲ್ಲಿಡಬೇಕೆಂದು ತಿಳಿಯದೆ ಅರ್ಮಾಸ್ ನಿಂತಿದ್ದ. ತೂಲಿಕ್ಕಿ ನೀಲಿ ಉಡುಪಿನಲ್ಲಿ, ರುಬಾರ್ಬ್ ಎಂಬ ಹುಳಿ ದಂಟು ಹಾಕಿದ ಸಿಹಿ ಕಡುಬಿನ ತಟ್ಟೆ ಹಿಡಿದು ಬಂದಳು. ಆಗ ಕೌಕೊ ಕುರ್ಚಿಯ ಮೇಲೆ ಹತ್ತಿ ಚಮಚದಿಂದ ಲೋಟ ಬಡಿದ.

“ಬಂಧುಗಳೇ! ನಮ್ಮ ಭಾವ ಮೂವತ್ತು ವರ್ಷ ನಮಗೆಲ್ಲ ಹಾಲು ಸಾಗಿಸಿದ. ಆಮೇಲೆ ನಮ್ಮಿಂದ ನೀರು ಕೇಳಿದ.” ಎಲ್ಲರೂ ನಕ್ಕರು. “ಸಾಕು ಅಂತ ಊರು ತೀರ್ಮಾನ ಮಾಡಿದೆ. ಬಾ ಭಾವ, ನೋಡು!”

ಕೌಕೊನೇ ಹೋಗಿ ಕಾರಿನ ಬಾನೆಟ್ ಎತ್ತಿದ. ಒಳಗೆ ಹೊಚ್ಚಹೊಸ ರೇಡಿಯೇಟರ್ ಬೆಳ್ಳಗೆ ಹೊಳೆಯುತ್ತ ಕೂತಿತ್ತು. ಅದರ ಮೇಲೆ ನೀಲಿ ರಿಬ್ಬನ್ನಿನ ಹೂವು.

ಕೌಕೊ ಮದುಮಗಳ ಗುಣಗಾನ ಮಾಡುವವನಂತೆ ಒಂದೊಂದನ್ನೇ ಹೇಳಿದ. ಹಳೆಯ ನೀರು ಬಸಿದದ್ದು, ಮೇಲಿನ ಕೊಳವೆ ಕೆಳಗಿನ ಕೊಳವೆ ಎರಡನ್ನೂ ಕಿತ್ತೆಸೆದು ಹೊಸದು ಹಾಕಿದ್ದು, ಹೊಸ ಬಿಗಿಪಟ್ಟಿ, ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟ್. ದ್ರವ ತುಂಬಿ, ಹೀಟರ್ ಪೂರಾ ತೆರೆದು, ಒಳಗಿದ್ದ ಗಾಳಿ ಗುಳುಗುಳು ಎಂದು ಹೊರಗೆ ಹೋಗುವವರೆಗೂ ಇಂಜಿನ್ ಓಡಿಸಿದ್ದು. “ಬೇಸಿಗೆ, ಚಳಿ ಎರಡಕ್ಕೂ ಒಂದೇ ದ್ರವ. ಇನ್ನು ಈ ಗಾಡಿ ಉತ್ತರ ಧ್ರುವದಿಂದ ಸಹಾರಾಕ್ಕೆ ಹೋದ್ರೂ ಒಂದು ಹನಿ ನೀರು ಕೇಳಲ್ಲ!”

ಎಲ್ಲರೂ ಚಪ್ಪಾಳೆ ತಟ್ಟಿದರು.

“ಹಳೇದು ಎಲ್ಲಿ?” ಎಂದ ಅರ್ಮಾಸ್.

“ಗುಜರಿಯವನು ಬೆಳಿಗ್ಗೆನೇ ಒಯ್ದ. ಅದನ್ನ ನೋಡಿ ಅವನಿಗೇ ಅಳು ಬಂತು.”

ಅರ್ಮಾಸ್ ಒಬ್ಬೊಬ್ಬರ ಕೈಯನ್ನೂ ಕುಲುಕಿ ಕೃತಜ್ಞತೆ ಹೇಳಿದ. ಅವರ ಮುಖಗಳಲ್ಲಿ ಅಷ್ಟು ಸಂತೋಷವಿತ್ತು, ಬೇರೆ ಏನು ತಾನೇ ಮಾಡುವುದು? ತೂಲಿಕ್ಕಿ ಬಾನೆಟ್ಟಿನ ಹತ್ತಿರ ಬಂದು ಒಳಗೆ ಬಗ್ಗಿ ನೋಡಿದಳು.

“ಹೊಳೀತಿದೆ” ಎಂದಳು.

“ಹೌದು. ಹೊಳೀತಿದೆ.”

“ಇನ್ನು ಕಾಯೋದಿಲ್ಲ ಅನ್ನಿ.”

“ಕಾಯೋದಿಲ್ಲವಂತೆ.”

“ಒಳ್ಳೇದಾಯ್ತು ಬಿಡಿ” ಎಂದವಳೇ, ಯಾರೂ ಹೇಳದಿದ್ದರೂ ಒಳಗೆ ಹೋಗಿ ಲೋಟಗಳನ್ನು ತೊಳೆಯಲು ನಿಂತಳು. ಜೋರಾಗಿ ನೀರು ಬಿಟ್ಟುಕೊಂಡು ಬಹಳ ಹೊತ್ತು ತೊಳೆದಳು. ಅರ್ಮಾಸ್ ಅಂಗಳದಲ್ಲೇ ಉಳಿದ. ಊರು ತೀರ್ಮಾನ ಮಾಡಿದೆ ಎಂದರೆ ಅವಳೂ ಸೇರಿಯೇ ತೀರ್ಮಾನ ಮಾಡಿರಬೇಕು. ಗೋಳು ಕಳೆಯಿತು ಎಂದುಕೊಂಡಿರಬೇಕು.

ಬುಧವಾರ ಬಂತು. ಗಾಡಿ ಹೊಳೆ ದಾಟಿತು, ದಿಬ್ಬದ ಬುಡಕ್ಕೆ ಬಂತು. ಮುಳ್ಳು ನಡುವಿನ ಗೆರೆಯ ಮೇಲೆ ಊಟವಾಗಿ ಮಲಗಿದವನ ಹಾಗೆ ಬಿದ್ದುಕೊಂಡಿತ್ತು. ತೂಲಿಕ್ಕಿ ಮೆಟ್ಟಿಲ ಮೇಲೆ ನಿಂತಿದ್ದಳು. ಅರ್ಮಾಸ್ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದ. ಅವಳು ಕೈ ಎತ್ತಿದಳು. ಗಾಡಿ ನಿಲ್ಲಲು ಯಾವ ಕಾರಣವೂ ಇರಲಿಲ್ಲ, ನಿಲ್ಲಲಿಲ್ಲ. ಮುಂದಿನ ಬುಧವಾರ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ.

ಅವನು ಬೇರೆ ಕೆಲಸಗಳನ್ನು ಹುಡುಕಿದ. ಏಣಿ ಕೇಳೋಣವೆಂದರೆ ಅವನ ಬಳಿ ಎರಡು ಏಣಿಗಳಿವೆ ಎಂದು ಊರಿಗೆಲ್ಲ ಗೊತ್ತು. ಬೆಕ್ಕು ಕಳೆದಿದೆ, ಈ ಕಡೆ ಬಂತಾ ಎಂದು ಕೇಳಬಹುದಿತ್ತು, ಬೆಕ್ಕಿರಲಿಲ್ಲ. ಒಂದು ಬೆಕ್ಕು ತಂದು ಕಳೆದುಬಿಡುವುದರ ಬಗ್ಗೆ ಅವನು ಎರಡು ದಿನ ಗಂಭೀರವಾಗಿ ಯೋಚಿಸಿದ. ಹೀಟರ್ ಮುಚ್ಚಿ, ಎರಡನೇ ಗೇರಿನಲ್ಲಿ ಕೆರೆಯ ಸುತ್ತ ನಾಲ್ಕು ಸುತ್ತು ಹೊಡೆದ. ಫ್ಯಾನು ಒಮ್ಮೆ ಗುರ್ ಎಂದಿತು, ಮುಳ್ಳು ಮತ್ತೆ ಮಲಗಿತು. ಒಂದು ಸಂಜೆ ಮೊಳೆ ಹಿಡಿದು ಬಾನೆಟ್ ಎತ್ತಿ ನಿಂತದ್ದೂ ಉಂಟು. ಹಳೆಯ ಹಿತ್ತಾಳೆಯ ಗಟ್ಟಿತನ ಇದಕ್ಕಿರಲಿಲ್ಲ, ತೆಳ್ಳನೆಯ ತಗಡು, ಸ್ವಲ್ಪ ಒತ್ತಿದರೆ ಸಾಕು. ಆದರೆ ರಿಬ್ಬನ್ನಿನ ತುದಿಯೊಂದು ಇನ್ನೂ ಅಲ್ಲೇ ಸಿಕ್ಕಿಕೊಂಡಿತ್ತು. ಊರಿನವರ ಸಂತೋಷದ ಮುಖಗಳಿಗೆ ಮೊಳೆ ಚುಚ್ಚಿದ ಹಾಗೆ ಆದೀತು. ಅವನು ಮೊಳೆಯನ್ನು ಡಬ್ಬಿಗೆ ಹಾಕಿ, ಒಬ್ಬನೇ ಕಾಫಿ ಕುಡಿದ. ಅದರಲ್ಲಿ ರುಚಿಯಿರಲಿಲ್ಲ.

ಜುಲೈ ಕಳೆಯುವ ಹೊತ್ತಿಗೆ ಅವನು ತಡೆಯಲಾರದೆ ಗಾಡಿಯನ್ನು ಕೌಕೊನ ಅಂಗಳಕ್ಕೆ ಓಡಿಸಿಕೊಂಡು ಹೋದ.

“ಇದು ಸರಿ ಇಲ್ಲ ಕೌಕೊ.”

“ಯಾವ್ದು?”

“ರೇಡಿಯೇಟರು.”

ಕೌಕೊನ ಮುಖ ಬಿಳುಚಿತು. ಅವನು ಕೆಲಸ ಮಾಡಿದ ಗಾಡಿ ಅಂಗಳಕ್ಕೆ ಹಿಂದಿರುಗಿ ಬಂದದ್ದು ಈವರೆಗೆ ಇರಲಿಲ್ಲ. “ಸೋರ್ತಿದೆಯಾ?”

“ಇಲ್ಲ.”

“ಕಾಯ್ತಿದೆಯಾ?”

“ಇಲ್ಲ. ಅದೇ ತೊಂದ್ರೆ. ಕಾಯೋದೇ ಇಲ್ಲ.”

“ಕಾಯ್ಬಾರ್ದು ಅಂತ ತಾನೇ ಹಾಕಿದ್ದು!”

“ಪೂರ್ತಿ ಅಲ್ಲ. ಸ್ವಲ್ಪ ಕಾದ್ರೂ ಸಾಕು. ದಿಬ್ಬದ ಬುಡದಲ್ಲಿ.”

“ದಿಬ್ಬದ ಬುಡದಲ್ಲಿ ಯಾಕೆ?”

ಅರ್ಮಾಸ್ ತನ್ನ ಬೂಟುಗಳನ್ನು ನೋಡಿಕೊಂಡ. ಕೌಕೊ ಅವನ ಕೈಗೊಂದು ಒರೆಸುವ ಬಟ್ಟೆ ತುರುಕಿ, ಬಾನೆಟ್ ಎತ್ತಿ, ಕೊಳವೆಗಳನ್ನು ಹಿಸುಕಿದ, ಪಟ್ಟಿಗಳನ್ನು ಅಲುಗಿಸಿದ, ದ್ರವದ ಮಟ್ಟ ನೋಡಿದ. ಎಲ್ಲಿಯೂ ಒಂದು ಕೂದಲೆಳೆಯ ದೋಷವಿರಲಿಲ್ಲ. ಆತಂಕ ಇಳಿದ ಮೇಲೆ ಸಿಟ್ಟು ಏರಿತು.

“ನೀನು ಕೃತಘ್ನ ಕಣೋ ಭಾವ. ಊರಿಗೆ ಊರೇ ಸೇರಿ ಕೊಟ್ಟದ್ದು ಇದು. ಟೋಪಿ ಹಿಡ್ಕೊಂಡು ಮನೆಮನೆಗೂ ಹೋಗಿದೀನಿ ನಾನು. ಒಬ್ಬರೂ ಇಲ್ಲ ಅನ್ಲಿಲ್ಲ. ಅವಳೊಬ್ಬಳನ್ನ ಬಿಟ್ಟು.”

“ಯಾರು?”

“ಬೇಡ ಬಿಡು. ಹೇಳ್ಬೇಡ ಅಂದಿದಾಳೆ ಸೈಮಿ.”

“ಯಾರು ಕೌಕೊ?”

“ಇನ್ಯಾರು, ನಿನ್ನ ಬಾವಿ ನೀರಿನ ತೂಲಿಕ್ಕಿ! ಎಲ್ಲರಿಗಿಂತ ಜಾಸ್ತಿ ಗೋಳು ಅನುಭವಿಸಿದೋಳು ಅವಳೇ ಅಲ್ವಾ, ಖುಷಿಯಾಗಿ ಕೊಡ್ತಾಳೆ ಅಂತ ಮೊದ್ಲು ಅಲ್ಲಿಗೇ ಹೋದೆ. ಅರ್ಮಾಸ್‌ಗೆ ಹೊಸ ರೇಡಿಯೇಟರ್ ಕೊಡಿಸ್ತಿದೀವಿ, ನಿಮ್ಮದೂ ಒಂದು ಪಾಲು ಅಂದೆ. ಏನಂದ್ಲು ಗೊತ್ತಾ? ಇರೋದಕ್ಕೆ ಏನಾಗಿದೆ ಅಂದ್ಲು.”

“ಏನಾಗಿದೆ ಅಂದ್ರಾ?”

“ಚೆನ್ನಾಗೇ ಇದೆಯಲ್ಲ ಆ ಗಾಡಿ, ಯಾಕೆ ಸುಮ್ನೆ ಕೆದಕ್ತೀರಿ ಅಂದ್ಲು! ರೈಲಿನ ಹಾಗೆ ಹೊಗೆ ಕಕ್ಕೋ ಗಾಡಿ, ಚೆನ್ನಾಗಿದೆಯಂತೆ! ನಾನು ಕೊಡಲ್ಲ ಅಂತ ಬಾಗಿಲು ಹಾಕ್ಕೊಂಡ್ಲು. ನಾನು ಗೇಟಿನ ಹತ್ರ ಬಂದಿದೀನಿ, ಕಿಟಕಿ ತೆಗೆದು, ಹಾಕಲೇಬೇಕಾ ಅಂತ ಬೇರೆ ಕೇಳಿದ್ಲು. ಹೂಂ ಅಂದೆ. ಮುಖ ನೋಡ್ಬೇಕಿತ್ತು, ನಾನೇನೋ ಅವಳ ಮನೆ ಒಲೆ ಕಿತ್ಕೊಂಡು ಹೋಗ್ತಿದೀನಿ ಅನ್ನೋ ಹಾಗೆ. ಜಿಪುಣತನಕ್ಕೂ ಒಂದು ಮಿತಿ...”

ಕೌಕೊ ಇನ್ನೂ ಏನೇನೋ ಹೇಳುತ್ತಿದ್ದ. ಅರ್ಮಾಸ್ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಗಾಡಿಯ ಅಂಚಿನ ಮೇಲೆ ಇಟ್ಟ. ಟೋಪಿ ಸರಿಮಾಡಿಕೊಂಡ. ಗೇಟಿನ ಕಡೆ ನಡೆದ.

“ಎಲ್ಲಿಗೆ ಹೊರಟೆ?”

“ತೂಲಿಕ್ಕಿ ಮನೆಗೆ.”

“ಅಯ್ಯೋ ಭಾವ, ಜಗಳ ಗಿಗಳ ಆಡ್ಬೇಡ! ಅವಳಿಗೆ ಕೊಡೋ ಮನಸ್ಸಿರ್ಲಿಲ್ಲ, ಕೊಡ್ಲಿಲ್ಲ, ಅಷ್ಟೇ. ಗಾಡಿನಾದ್ರೂ ತಗೊಂಡು ಹೋಗು, ದಿಬ್ಬ ಹತ್ತಿ ಇಳೀಬೇಕು.”

“ಗಾಡಿ ಬೇಡ.”

“ಹೋಗಿ ಏನು ಕೆಲಸ ಅಂತ ಹೇಳ್ತೀಯಾ?”

ಅರ್ಮಾಸ್ ಗೇಟಿನ ಚಿಲಕ ತೆಗೆದ. “ಕೆಲಸ ಏನೂ ಇಲ್ಲ ಅಂತ ಹೇಳ್ತೀನಿ. ಸುಮ್ಮನೆ ಬಂದೆ ಅಂತ. ಕಾಫಿ ಕಾಸಿದ್ರೆ ಕುಡೀತೀನಿ, ಕಾಸಿಲ್ದಿದ್ರೆ ಕಾಸೋವರೆಗೂ ಇರ್ತೀನಿ, ಆಮೇಲೆ ಅವರೇನಾದ್ರೂ” ಎನ್ನುತ್ತ ಅವನು ಆಗಲೇ ರಸ್ತೆಗೆ ಇಳಿದು, ಉದ್ದುದ್ದ ಹೆಜ್ಜೆ ಹಾಕಿಕೊಂಡು, ದಿಬ್ಬದ ಕಡೆಗೆ ಹೊರಟುಬಿಟ್ಟಿದ್ದ.